ಎರಡು ನೊಬೆಲ್ ಗೆದ್ದ ಪಾಲಿಂಗ್‌ಗೆ ಒಲಿಯದ ಹೃದಯದ ಗುಟ್ಟು

ಬೆಳಗಿನ ಉಪಾಹಾರದ ನಂತರ ವಿಟಮಿನ್ ಸಿ, ವಿಟಮಿನ್ ಇ ಮಾತ್ರೆ ನುಂಗುವ ರೂಢಿ ನಗರದ ಮನೆಗಳಿಗೆ ಹೊಸದಲ್ಲ. ರಕ್ತನಾಳ ಕಟ್ಟಿಕೊಳ್ಳದಿರಲಿ ಎಂಬ ಆಸೆಯೂ ಅದರ ಹಿಂದೆ ಇರುತ್ತದೆ. ಈ ನಂಬಿಕೆಗೆ ಜಗತ್ತಿನಾದ್ಯಂತ ಬಲ ತಂದವರಲ್ಲಿ ಪ್ರಮುಖರು ಅಮೆರಿಕದ ರಸಾಯನ ವಿಜ್ಞಾನಿ ಲೈನಸ್ ಪಾಲಿಂಗ್.

1901ರ ಫೆಬ್ರುವರಿ 28ರಂದು ಪೋರ್ಟ್‌ಲ್ಯಾಂಡ್‌ನಲ್ಲಿ ಜನಿಸಿದ ಪಾಲಿಂಗ್, ಔಷಧ ವ್ಯಾಪಾರಿಯಾಗಿದ್ದ ತಂದೆಯನ್ನು ಒಂಬತ್ತರ ಹರೆಯದಲ್ಲೇ ಕಳೆದುಕೊಂಡರು. ಬಡತನದಲ್ಲಿ ಓದಿ ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್ ಸಂಸ್ಥೆ ಸೇರಿದರು. ರಾಸಾಯನಿಕ ಬಂಧದ ಕುರಿತ ಸಂಶೋಧನೆಗೆ 1954ರಲ್ಲಿ ನೊಬೆಲ್ ಲಭಿಸಿತು. ಅಣ್ವಸ್ತ್ರ ಪರೀಕ್ಷೆಯ ವಿರುದ್ಧದ ಹೋರಾಟಕ್ಕಾಗಿ 1962ರ ಶಾಂತಿ ಪ್ರಶಸ್ತಿಯೂ ಸಂದಿತು. ಯಾರೊಡನೆಯೂ ಹಂಚಿಕೊಳ್ಳದೆ ಎರಡು ನೊಬೆಲ್ ಪಡೆದವರು ಇವರೊಬ್ಬರೇ.

1941ರಲ್ಲಿ ಅವರನ್ನು ಮೂತ್ರಪಿಂಡದ ತೀವ್ರ ಕಾಯಿಲೆ ಕಾಡಿತು. ಆ ದಿನಗಳಲ್ಲಿ ಅದು ಬಹುಮಟ್ಟಿಗೆ ಮಾರಕವೇ. ವೈದ್ಯ ಥಾಮಸ್ ಆಡಿಸ್ ವಿಧಿಸಿದ ಉಪ್ಪಿಲ್ಲದ, ಪ್ರೋಟೀನು ಕಡಿಮೆಯ ಪಥ್ಯದಿಂದ ಅವರು ಚೇತರಿಸಿಕೊಂಡರು. ಆಹಾರವೇ ಔಷಧವಾಗಬಲ್ಲದೆಂಬ ವಿಶ್ವಾಸ ಆಗಲೇ ಮೊಳೆತಿರಬೇಕು.

1966ರಲ್ಲಿ ಅರ್ವಿನ್ ಸ್ಟೋನ್ ಎಂಬ ರಸಾಯನ ತಜ್ಞರ ಪತ್ರ ಬಂತು. ದಿನಕ್ಕೆ ಮೂರು ಗ್ರಾಂ ವಿಟಮಿನ್ ಸಿ ಸೇವಿಸಿದರೆ ಆಯುಸ್ಸು ಹೆಚ್ಚುವುದೆಂಬುದು ಅದರ ಸಾರ. ಪಾಲಿಂಗ್ ದಂಪತಿ ಅದನ್ನು ಒಪ್ಪಿ ಸೇವಿಸತೊಡಗಿದರು. ಮುಂದೆ ಪಾಲಿಂಗ್ ಸೇವಿಸುತ್ತಿದ್ದ ಪ್ರಮಾಣ 18 ಗ್ರಾಂಗೆ ಏರಿತು. 500 ಮಿಲಿಗ್ರಾಂ ಮಾತ್ರೆಯ ಲೆಕ್ಕದಲ್ಲಿ ಅದು ದಿನಕ್ಕೆ 36 ಮಾತ್ರೆ! 1970ರಲ್ಲಿ ನೆಗಡಿ ಮತ್ತು ವಿಟಮಿನ್ ಸಿ ಕುರಿತ ಅವರ ಪುಸ್ತಕ ಹೊರಬಂದಾಗ ಔಷಧ ಅಂಗಡಿಗಳಿಗೆ ಜನ ಮುಗಿಬಿದ್ದರು.

ಕಾಕತಾಳೀಯವೆಂಬಂತೆ ಅದೇ ವರ್ಷ ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಅರಿಶಿನದಲ್ಲಿರುವ, ಉತ್ಕರ್ಷಣ ನಿರೋಧಕ ಗುಣದ ಕರ್ಕ್ಯುಮಿನ್ ಬಗ್ಗೆ ವರದಿ ಪ್ರಕಟಿಸಿದರು. ಕೊಲೆಸ್ಟರಾಲ್ ಬೆರೆತ ಆಹಾರದ ಜತೆ ಕರ್ಕ್ಯುಮಿನ್ ತಿಂದ ಇಲಿಗಳ ರಕ್ತ ಮತ್ತು ಯಕೃತ್ತಿನಲ್ಲಿ ಕೊಲೆಸ್ಟರಾಲ್ ಗಣನೀಯವಾಗಿ ತಗ್ಗಿತ್ತು. ಆದರೆ ಇಲಿಯಲ್ಲಿ ಕಂಡದ್ದು ಮನುಷ್ಯನ ಹೃದಯವನ್ನು ಕಾಪಾಡಬೇಕೆಂದೇನಿಲ್ಲ. ಪಾಲಿಂಗ್ ಎಡವಿದ್ದೂ ಈ ಅಂತರದಲ್ಲೇ.

ಬಹುತೇಕ ಪ್ರಾಣಿಗಳು ವಿಟಮಿನ್ ಸಿಯನ್ನು ದೇಹದಲ್ಲೇ ತಯಾರಿಸುತ್ತವೆ. ಮನುಷ್ಯ ಮತ್ತು ಗಿನಿ ಇಲಿ ಆ ಶಕ್ತಿ ಕಳೆದುಕೊಂಡಿವೆ. ಈ ಕೊರತೆಯಿಂದ ಅಪಧಮನಿಯ ಗೋಡೆ ದುರ್ಬಲಗೊಳ್ಳುತ್ತದೆ, ಬಿರುಕು ಮುಚ್ಚಲು ದೇಹ ಲಿಪೋಪ್ರೋಟೀನ್ (ಎ) ಎಂಬ ಕೊಲೆಸ್ಟರಾಲ್ ಕಣವನ್ನು ಬಳಸುತ್ತದೆ, ಅದೇ ಶೇಖರಗೊಂಡು ನಾಳ ಕಟ್ಟುತ್ತದೆ ಎಂದು ಪಾಲಿಂಗ್ ಮತ್ತು ವೈದ್ಯ ಮಥಿಯಾಸ್ ರಾತ್ ವಾದಿಸಿದರು. ವಿಟಮಿನ್ ಸಿ ಕೊಡದೆ ಸಾಕಿದ ಗಿನಿ ಇಲಿಗಳ ನಾಳದಲ್ಲಿ ಆ ಕಣಗಳು ಕಂಡವೆಂದು 1990ರಲ್ಲಿ ವರದಿಯನ್ನೂ ಪ್ರಕಟಿಸಿದರು. ತರ್ಕ ಸೊಗಸಾಗಿತ್ತು. ರೋಗಿಗಳ ಮೇಲಿನ ದೊಡ್ಡ ಪರೀಕ್ಷೆಯ ಆಧಾರ ಮಾತ್ರ ಇರಲಿಲ್ಲ.

ಅಂಥ ಪರೀಕ್ಷೆಗಳು ಬಂದಾಗ ಫಲಿತಾಂಶ ಕಹಿಯಾಗಿತ್ತು. 1994ರಲ್ಲಿ ಫಿನ್‌ಲ್ಯಾಂಡ್‌ನ 29,133 ಧೂಮಪಾನಿಗಳ ಅಧ್ಯಯನದಲ್ಲಿ ಬೀಟಾ ಕ್ಯಾರೋಟಿನ್ ಸೇವಿಸಿದವರಿಗೆ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಾಗಿ ಕಂಡಿತು. ಅದೇ ಆಗಸ್ಟ್ 19ರಂದು, 93ರ ವಯಸ್ಸಿನಲ್ಲಿ, ಪಾಲಿಂಗ್ ಪ್ರಾಸ್ಟೇಟ್ ಕ್ಯಾನ್ಸರ್‌ನಿಂದ ನಿಧನರಾದರು. 2002ರ ಬ್ರಿಟನ್ ಅಧ್ಯಯನದ ತೀರ್ಪನ್ನು ಅವರು ನೋಡಲಿಲ್ಲ. 20,536 ಜನರ ಪೈಕಿ ವಿಟಮಿನ್ ಸಿ, ಇ ಮತ್ತು ಬೀಟಾ ಕ್ಯಾರೋಟಿನ್ ಪಡೆದವರಿಗೆ ಐದು ವರ್ಷದ ನಂತರವೂ ಹೃದಯಾಘಾತದಿಂದ ರಕ್ಷಣೆ ದೊರೆಯಲಿಲ್ಲ. ಅದೇ ಅಧ್ಯಯನದಲ್ಲಿ, ಯಕೃತ್ತಿನ ಕೊಲೆಸ್ಟರಾಲ್ ಉತ್ಪಾದನೆ ತಡೆಯುವ ಸಿಮ್ವಾಸ್ಟಾಟಿನ್ ಮಾತ್ರೆ ಹೃದಯಾಘಾತ, ಪಾರ್ಶ್ವವಾಯುಗಳನ್ನು ಸುಮಾರು ಕಾಲುಭಾಗ ತಗ್ಗಿಸಿತು.

ಆದರೂ ಪಾಲಿಂಗ್ ಬೊಟ್ಟುಮಾಡಿದ ಲಿಪೋಪ್ರೋಟೀನ್ (ಎ) ಸುಳ್ಳಾಗಲಿಲ್ಲ. ಅದರ ಅಧಿಕ ಪ್ರಮಾಣ ವಂಶವಾಹಿಯಿಂದ ಬರುವ ಹೃದ್ರೋಗದ ಅಪಾಯವೆಂದು ವೈದ್ಯಲೋಕ ಇಂದು ಒಪ್ಪಿದೆ, ರಕ್ತಪರೀಕ್ಷೆಯಿಂದ ಅಳೆಯುತ್ತಲೂ ಇದೆ. ಅದನ್ನು ತಗ್ಗಿಸುವ ಔಷಧಿಯ ಹುಡುಕಾಟದಲ್ಲಿ ವಿಟಮಿನ್ ಸಿ ಹೆಸರು ಮಾತ್ರ ಉಳಿದಿಲ್ಲ.