ಗೂಳಿಯನ್ನು ಸಾಧುವಾಗಿಸಿದ ರೈತ: ರಾಬರ್ಟ್ ಬೇಕ್‌ವೆಲ್

ಗೂಳಿ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ತಲೆ ತಗ್ಗಿಸಿ, ಗೊರಸಿನಿಂದ ನೆಲ ಕೆರೆದು, ಎದುರು ಬಂದವರನ್ನು ಹಾಯಲು ಸಿದ್ಧವಾದ ಪ್ರಾಣಿ. ಇಂಗ್ಲೆಂಡಿನ ಜನರ ಭಾವನೆಯೂ ಬೇರೆಯಾಗಿರಲಿಲ್ಲ. ಆದುದರಿಂದಲೇ 1770ರ ಸುಮಾರಿಗೆ ಲೀಸ್ಟರ್‌ಶೈರಿನ ಡಿಷ್ಲೆ ಎಂಬಲ್ಲಿಗೆ ಹೋದ ಕೃಷಿ ಲೇಖಕ ಆರ್ಥರ್ ಯಂಗನು ತಾನು ಕಂಡುದನ್ನು ಅಚ್ಚರಿಯಿಂದ ಬರೆದಿಟ್ಟನು. ಅಲ್ಲಿ ಗೂಳಿಗಳು ಬಯಲಿನಲ್ಲಿ ಅಲುಗಾಡದೆ ನಿಂತು ಪರೀಕ್ಷೆಗೆ ಮೈಯೊಡ್ಡುತ್ತಿದ್ದವು. ಬೆರಳು ಗಾತ್ರದ ಕೋಲೊಂದನ್ನು ಹಿಡಿದ ಹುಡುಗನು ಗೂಳಿಯನ್ನು ಅದರ ಹಸುಗಳ ನಡುವಿನಿಂದ ಬೇರ್ಪಡಿಸಿ, ಜಮೀನಿನ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಸಿಕೊಂಡು ಹೋಗಬಲ್ಲವನಾಗಿದ್ದನು. ಕರುವಾಗಿದ್ದಂದಿನಿಂದ ಹೊಡೆಯದೆ, ಬೆದರಿಸದೆ, ಪಕ್ಕದಲ್ಲಿ ನಡೆದು ರೂಢಿಸಿದುದರ ಫಲವದು. ಆ ದನಗಳ ಒಡೆಯನೇ ರಾಬರ್ಟ್ ಬೇಕ್‌ವೆಲ್.

1725ರಲ್ಲಿ ಜನಿಸಿದ ಬೇಕ್‌ವೆಲ್ ಜಮೀನುದಾರನಲ್ಲ, ಗೇಣಿಯ ರೈತ. ತಂದೆಯ ಕಾಲದಿಂದ ಬಂದ ಸುಮಾರು 440 ಎಕರೆಯ ಗೇಣಿ ಭೂಮಿಯೇ ಅವನ ಪ್ರಪಂಚ. ಯೌವನದಲ್ಲಿ ಊರೂರು ತಿರುಗಿ, ಇತರರು ದನಕುರಿಗಳನ್ನು ಸಾಕುವ ಬಗೆಯನ್ನು ಕಂಡು ಬಂದನು. ಆ ನಾಡಿನಲ್ಲಿ ದನವು ಆಹಾರದ ಪ್ರಾಣಿ. ಆದರೂ ಅಂದಿನವರೆಗೆ ಅದನ್ನು ಉಳುಮೆಗೂ ಹಾಲಿಗೂ ಸಾಕಿ, ಮುದಿಯಾದ ಮೇಲೆ ಕಟುಕನಿಗೆ ಮಾರುವುದೇ ವಾಡಿಕೆ. ಪಟ್ಟಣಗಳು ಬೆಳೆಯುತ್ತಿದ್ದವು, ಮಾಂಸಕ್ಕೆ ಬೇಡಿಕೆ ಏರುತ್ತಿತ್ತು. ತಿಂದ ಮೇವಿನಲ್ಲಿ ಎಷ್ಟು ಭಾಗ ಮೈಗೆ ಹತ್ತುತ್ತದೆ ಎಂಬುದೇ ಬೇಕ್‌ವೆಲ್ಲನ ಲೆಕ್ಕವಾಯಿತು.

ಉದ್ದ ಕೊಂಬಿನ ಲಾಂಗ್‌ಹಾರ್ನ್ ತಳಿಯ ಎರಡು ಮಣಕಗಳನ್ನೂ ವೆಸ್ಟ್‌ಮರ್ಲ್ಯಾಂಡಿನ ಒಂದು ಗೂಳಿಯನ್ನೂ ತಂದು ಆತನು ಕೆಲಸಕ್ಕೆ ತೊಡಗಿದನು. ಅವುಗಳಿಂದ ಹುಟ್ಟಿದ ಟೂಪೆನಿ ಎಂಬ ಗೂಳಿ ಪ್ರಖ್ಯಾತವಾಯಿತು. ಹೆಸರು ಎರಡು ಕಾಸಿನದು, ಬೆಲೆ ಮಾತ್ರ ಹಾಗಿರಲಿಲ್ಲ. ಅದನ್ನು ತಾಯಿಗೂ ಸ್ವಂತ ಮಗಳಿಗೂ ಕೂಡಿಸಿ, ತನಗೆ ಬೇಕಾದ ಗುಣಗಳನ್ನು ಬೇಕ್‌ವೆಲ್ ವಂಶದಲ್ಲಿ ಭದ್ರಪಡಿಸಿದನು. ಟಗರುಗಳನ್ನು ಮಾರದೆ ಬಾಡಿಗೆಗೆ ಕೊಡುವ ಪದ್ಧತಿಯನ್ನೂ ಬೆಳೆಸಿದನು. 1760ರಲ್ಲಿ ಕೆಲವೇ ಷಿಲ್ಲಿಂಗುಗಳಿದ್ದ ಬಾಡಿಗೆಯು 1789ರ ಹೊತ್ತಿಗೆ ಮೂರು ಟಗರುಗಳಿಗೆ 1200 ಗಿನಿಗಳಷ್ಟಾಯಿತು!

ಗೂಳಿಯ ಸೌಮ್ಯತೆಯು ಕೇವಲ ನೋಟದ ಚೆಲುವಾಗಿರಲಿಲ್ಲ. ಬೆದರುವ ಪ್ರಾಣಿ ತಿಂದುದನ್ನು ಓಡಾಟದಲ್ಲಿಯೂ ಉದ್ವೇಗದಲ್ಲಿಯೂ ಕಳೆಯುತ್ತದೆ. ಶಾಂತ ಸ್ವಭಾವದ ದನಗಳು ದಿನವೊಂದಕ್ಕೆ ಹೆಚ್ಚು ತೂಕ ಪಡೆಯುವುದನ್ನು ಅಮೆರಿಕದ ಕೊಲರಾಡೋ ಸ್ಟೇಟ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 1997ರಲ್ಲಿ ಅಳೆದು ತೋರಿಸಿದರು. ಭಯವು ಹರಿಸುವ ಕಾರ್ಟಿಸಾಲ್ ಎಂಬ ರಸವು ಬಹುಕಾಲ ಮೇಲಿದ್ದರೆ, ಸಂತಾನಶಕ್ತಿಯನ್ನು ನಡೆಸುವ ಮಿದುಳಿನ ಸಂಜ್ಞೆಗಳನ್ನೂ ಕುಗ್ಗಿಸಬಲ್ಲದು. ಸ್ವಭಾವವು ತಕ್ಕಮಟ್ಟಿಗೆ ತಂದೆಯಿಂದ ಕರುವಿಗೆ ಇಳಿಯುತ್ತದೆಂಬುದೂ ಈಗ ತಿಳಿದಿದೆ. ಆದರೆ ಗುಣವೆಂಬುದು ಬೇಡಿಕೆಯನ್ನು ಅನುಸರಿಸಿದ್ದು. ಅದೇ ಕಾಲದಲ್ಲಿ ನಮ್ಮ ಮೈಸೂರಿನಲ್ಲಿ ಹೈದರಾಲಿಯ ಸೈನ್ಯಕ್ಕೆ ಬೇಕಾಗಿದ್ದುದು ಫಿರಂಗಿಯನ್ನೆಳೆದು ದೂರ ಸಾಗಬಲ್ಲ ಎತ್ತು. ಮುಂದೆ ಅಮೃತಮಹಲ್ ಎಂದು ಹೆಸರಾದ ಆ ದನಗಳ ಬಿರುಸನ್ನು ಅಲ್ಲಿ ಯಾರೂ ದೋಷವೆನ್ನಲಿಲ್ಲ.

ಡಿಷ್ಲೆಯ ಅಡುಗೆಮನೆಯ ಒಲೆ ಆರುತ್ತಿರಲಿಲ್ಲ. ರಷ್ಯಾ, ಜರ್ಮನಿ, ಫ್ರಾನ್ಸುಗಳಿಂದ ಬಂದ ಗಣ್ಯರಿಗೂ ನೆರೆಯ ರೈತನಿಗೂ ಅಲ್ಲಿ ಊಟವಿತ್ತು. ಬೇಕ್‌ವೆಲ್ ಅವಿವಾಹಿತ, ಮನೆವಾರ್ತೆ ನೋಡುತ್ತಿದ್ದವಳು ಸೋದರಿ ಹ್ಯಾನ. ಎಂಟಕ್ಕೆ ಉಪಾಹಾರ, ಒಂದಕ್ಕೆ ಊಟ, ಒಂಬತ್ತಕ್ಕೆ ರಾತ್ರಿಯ ಊಟ. ಹನ್ನೊಂದಾಯಿತೆಂದರೆ, ಎದುರಿಗೆ ಎಂತಹ ದೊಡ್ಡ ಮನುಷ್ಯನೇ ಕುಳಿತಿರಲಿ, ಯಜಮಾನನು ಮಲಗಲು ಹೊರಡುತ್ತಿದ್ದನು. ಹಜಾರದಲ್ಲಿ ಹಳೆಯ ದನಕುರಿಗಳ ಅಸ್ಥಿಪಂಜರಗಳೂ ಉಪ್ಪುನೀರಿನಲ್ಲಿಟ್ಟ ಮಾಂಸದ ತುಂಡುಗಳೂ ಇದ್ದವು. ತಲೆಮಾರಿನಿಂದ ತಲೆಮಾರಿಗೆ ಎಲುಬು ಎಷ್ಟು ಸಣ್ಣದಾಯಿತೆಂದು ಅತಿಥಿಗಳು ಕಣ್ಣಾರೆ ನೋಡಬಹುದಾಗಿತ್ತು. ಊಟ ಬಡಿಸುವವರಿಗೆ ಗೊತ್ತು, ಬಿಲ್ಲಿಲ್ಲದ ಊಟದ ಖರ್ಚು ಎಲ್ಲಿಗೆ ಮುಟ್ಟುತ್ತದೆಂದು! 1776ರಲ್ಲಿ ಬೇಕ್‌ವೆಲ್ ದಿವಾಳಿಯಾದನು. ಆದರೂ ಕೆಲಸ ಬಿಡಲಿಲ್ಲ; 1783ರಲ್ಲಿ ಟಗರು ಸಾಕುವವರ ಡಿಷ್ಲೆ ಸಂಘವು ಹುಟ್ಟಿತು.

ಗೂಳಿಗಳ ವಿಷಯದಲ್ಲಿ ಮಾತ್ರ ಆತನ ಲೆಕ್ಕ ಒಂದೆಡೆ ತಪ್ಪಿತು. ಕೊಬ್ಬು ಬೇಗ ಏರುವುದನ್ನೇ ಹಿಡಿದು, ಹತ್ತಿರದ ರಕ್ತದಲ್ಲಿಯೇ ಕೂಡಿಸುತ್ತ ಹೋದಂತೆ ಲಾಂಗ್‌ಹಾರ್ನ್ ಹಸುಗಳ ಹಾಲು ಇಳಿಯಿತು, ಗಬ್ಬ ನಿಲ್ಲುವುದೂ ಕಡಿಮೆಯಾಯಿತು. ಗೂಳಿ ಸಾಧುವಾಗಿತ್ತು, ಮೈಯೂ ತುಂಬಿತ್ತು. ಕೊಟ್ಟಿಗೆಯಲ್ಲಿ ಕರುಗಳು ಮಾತ್ರ ಸಾಲಲಿಲ್ಲ. ಸ್ವಭಾವವೊಂದೇ ಸಂತಾನವನ್ನು ಕಾಯಲಾರದು. ಅದನ್ನು ಬೇರೆಯಾಗಿಯೇ ಅಳೆಯಬೇಕಾಗಿತ್ತು. ಡಿಷ್ಲೆಯನ್ನು ನೋಡಿಹೋಗಿದ್ದ ಚಾರ್ಲ್ಸ್ ಕಾಲಿಂಗನು ಅದೇ ವಿಧಾನವನ್ನು ಹಾಲೂ ಮಾಂಸವೂ ಇರುವ ಶಾರ್ಟ್‌ಹಾರ್ನ್ ತಳಿಗೆ ಅನ್ವಯಿಸಿದನು. ಕೆಲವೇ ದಶಕಗಳಲ್ಲಿ ಲಾಂಗ್‌ಹಾರ್ನ್ ಹಿಂದೆ ಸರಿಯಿತು.

ಬೇಕ್‌ವೆಲ್ 1795ರ ಅಕ್ಟೋಬರ್ 1ರಂದು ತೀರಿಕೊಂಡನು. ಅವನನ್ನು ಹೂಳಿದ ಡಿಷ್ಲೆಯ ಇಗರ್ಜಿಗೆ ಈಗ ಛಾವಣಿಯಿಲ್ಲ. ಗೋಡೆಗಳ ನಡುವೆ ಅವನ ಸಮಾಧಿಯ ಕಲ್ಲಿದೆ.