ಲಾಲ್‌ಬಾಗಿನ ತೋಟಗಾರ ಕೃಂಬಿಗಲ್

ಬೆಂಗಳೂರಿಗೆ ಉದ್ಯಾನನಗರವೆಂಬ ಹೆಸರುಂಟೆಂಬುದನ್ನು ಮುಂಬಯಿಯಲ್ಲಿ ಹುಟ್ಟಿ ಬೆಳೆದ ನಮ್ಮ ವಿದ್ಯಾರ್ಥಿಗಳೂ ಬಲ್ಲರು. ಆದರೆ ಆ ಹೆಸರು ತಾನಾಗಿ ಬಂದುದಲ್ಲ. ಕಾಡಿನಲ್ಲಿ ಮರಗಳು ತಾವಾಗಿ ಬೆಳೆಯುತ್ತವೆ. ಊರಿನಲ್ಲಿ ಯಾರಾದರೂ ನೆಟ್ಟು, ನೀರೆರೆದು, ಕಳೆ ಕಿತ್ತು ಕಾಪಾಡಿದರೆ ಮಾತ್ರ ಬೆಳೆಯುತ್ತವೆ. ಬೆಂಗಳೂರಿನ ಹಸುರಿಗಾಗಿ ಹಾಗೆ ದುಡಿದವರಲ್ಲಿ ಮೊದಲ ಸಾಲಿನಲ್ಲಿ ನಿಲ್ಲುವವರು ಜರ್ಮನಿಯಲ್ಲಿ ಹುಟ್ಟಿ, ಗುಜರಾತಿನಲ್ಲಿ ಕೆಲಸ ಮಾಡಿ, ಕನ್ನಡನಾಡಿನ ಮಣ್ಣಿನಲ್ಲಿ ಮಣ್ಣಾದ ಗುಸ್ತಾವ್ ಹರ್ಮನ್ ಕೃಂಬಿಗಲ್ ಅವರು. ಹುಟ್ಟಿದೂರನ್ನು ಬಿಟ್ಟು ಈ ಮಹಾನಗರಕ್ಕೆ ಬಂದು ನೆಲೆಸಿದ ನಮ್ಮಂಥ ಕುಟುಂಬಗಳಿಗೆ ಅವರ ಜೀವನವು ವಿಶೇಷವಾಗಿ ಮನನಯೋಗ್ಯವಾದುದು.

ಕೃಂಬಿಗಲ್ಲರು 1865ರ ಡಿಸೆಂಬರ್ ತಿಂಗಳಿನಲ್ಲಿ ಜರ್ಮನಿಯ ಸ್ಯಾಕ್ಸನಿ ಪ್ರಾಂತದ ಡ್ರೆಸ್ಡೆನ್ ನಗರಕ್ಕೆ ಸಮೀಪದ ಲೋಮೆನ್ ಎಂಬ ಗ್ರಾಮದಲ್ಲಿ ಜನಿಸಿದರು. ಎಲ್ಬೆ ನದಿಯ ದಂಡೆಯ ಪಿಲ್ನಿಟ್ಸ್ ಎಂಬಲ್ಲಿ ಆ ಪ್ರಾಂತದ ಅರಸರ ಅರಮನೆಯೂ ಅದರ ಸುತ್ತ ಪ್ರಸಿದ್ಧವಾದ ಉದ್ಯಾನವೂ ಇದ್ದುವು. ತರುಣ ಕೃಂಬಿಗಲ್ಲರು ತೋಟಗಾರಿಕೆಯ ಮೊದಲ ಪಾಠಗಳನ್ನು ಅಲ್ಲಿಯೇ ಕಲಿತರು. ಅಗೆಯುವುದು, ಬಿತ್ತುವುದು, ಸಸಿಯನ್ನು ಕಿತ್ತು ಬೇರೆಡೆ ನಾಟುವುದು, ಕಳೆ ತೆಗೆಯುವುದು, ಕೊಂಬೆ ಸವರುವುದು ಇವೆಲ್ಲ ಕೈಯಿಂದ ಮಾಡಿಯೇ ಕಲಿಯಬೇಕಾದ ವಿದ್ಯೆಗಳು. ಪುಸ್ತಕವನ್ನು ಓದಿದ ಮಾತ್ರಕ್ಕೆ ಯಾರೂ ತೋಟಗಾರರಾಗಲಾರರು. 1888ರಲ್ಲಿ ಅವರು ಇಂಗ್ಲೆಂಡಿಗೆ ಹೋದರು. ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಹೂವಿನ ಪಾತಿಗಳನ್ನು ರಚಿಸುವ ಕೆಲಸ ಅವರಿಗೆ ದೊರೆಯಿತು. ಬಳಿಕ ಜಗತ್ಪ್ರಸಿದ್ಧವಾದ ಕ್ಯೂ ಸಸ್ಯೋದ್ಯಾನದಲ್ಲಿ ಕೆಲಸ ಮಾಡುವ ಅವಕಾಶವೂ ಒದಗಿತು. ಒಂದು ಋತುವಿನ ಹೂ ಬಾಡುವ ಮುನ್ನವೇ ಮುಂದಿನ ಋತುವಿನ ಸಸಿಯನ್ನು ಸಿದ್ಧಪಡಿಸಿಡುವುದು ಅಂಥ ಉದ್ಯಾನಗಳ ಪದ್ಧತಿ. ಈ ಶಿಸ್ತು ಅವರ ಮುಂದಿನ ಜೀವನಕ್ಕೆಲ್ಲ ತಳಹದಿಯಾಯಿತೆಂದು ನಮಗೆ ತೋರುತ್ತದೆ.

1893ರಲ್ಲಿ, ತಮ್ಮ 27ನೆಯ ವಯಸ್ಸಿನಲ್ಲಿ, ಕೃಂಬಿಗಲ್ಲರು ಭಾರತಕ್ಕೆ ಬಂದರು. ವಿದ್ಯಾಭಿಮಾನಿಯಾದ ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡರು ಅವರನ್ನು ಬರೋಡಾ ಸಂಸ್ಥಾನದ ಉದ್ಯಾನಗಳ ಮೇಲ್ವಿಚಾರಣೆಗೆ ನೇಮಿಸಿಕೊಂಡರು. ನಮ್ಮ ಮುಂಬಯಿಯಿಂದ ಸುಮಾರು 400 ಕಿಲೋಮೀಟರು ದೂರದ ಆ ಊರಿನಲ್ಲಿ ಅವರು ಭಾರತದ ಬಿಸಿಲನ್ನೂ ಮಳೆಯನ್ನೂ ಮಣ್ಣನ್ನೂ ಅರಿತುಕೊಂಡರು. ಹಿಮ ಬೀಳುವ ನಾಡಿನಲ್ಲಿ ಕಲಿತ ವಿದ್ಯೆಯನ್ನು ನಾಲ್ಕು ತಿಂಗಳು ಮಳೆ ಸುರಿದು ಎಂಟು ತಿಂಗಳು ಒಣಗುವ ನೆಲಕ್ಕೆ ಹೊಂದಿಸಿಕೊಳ್ಳುವುದು ಸುಲಭದ ಕಾರ್ಯವಲ್ಲ. ಬರೋಡಾ ಮಹಾರಾಜರಿಗೆ ಉದಕಮಂಡಲದಲ್ಲಿಯೂ ಒಂದು ಅರಮನೆಯಿತ್ತು. ಅಲ್ಲಿ ಕೃಂಬಿಗಲ್ಲರು ಮಾಡಿದ ಕೆಲಸವು ಮೈಸೂರಿನ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ ಗಮನಕ್ಕೆ ಬಂದಿತು. 1908ರಲ್ಲಿ ಅವರು ಮೈಸೂರು ಸಂಸ್ಥಾನದ ಸೇವೆಗೆ ಸೇರಿ ಲಾಲ್‌ಬಾಗಿನ ಅಧಿಕಾರಿಯಾದರು.

ಲಾಲ್‌ಬಾಗು ಅಂದಿಗಾಗಲೇ ಹಳೆಯ ತೋಟ. 1760ರಲ್ಲಿ ಹೈದರಾಲಿಯು ಅದಕ್ಕೆ ಅಡಿಪಾಯವನ್ನು ಹಾಕಿದ್ದನು. ಟಿಪ್ಪುವು ಅದನ್ನು ಬೆಳೆಸಿದನು. ಕೃಂಬಿಗಲ್ಲರಿಗಿಂತ ಮೊದಲು ಜಾನ್ ಕ್ಯಾಮರಾನ್ ಎಂಬವರು 1874ರಿಂದ 1908ರವರೆಗೆ ಅದನ್ನು ನೋಡಿಕೊಂಡು, ಅನೇಕ ಹೊಸ ಸಸ್ಯಗಳನ್ನು ತರಿಸಿ, ಗಾಜಿನ ಮನೆಯನ್ನು ಕಟ್ಟಿಸಿದ್ದರು. ಹೀಗೆ ಬೆಳೆದು ನಿಂತ ತೋಟವು ಕೃಂಬಿಗಲ್ಲರ ಕೈಗೆ ಬಂದಿತು. ತೋಟದ ಬೇಲಿಯನ್ನು ದಾಟಿ ಊರಿನ ಬೀದಿಗಳಿಗೆ ಹಸುರನ್ನು ಹರಡಿದುದು ಅವರ ಹಿರಿಮೆ.

ಇದರಲ್ಲಿ ಅವರು ಅನುಸರಿಸಿದ ಕ್ರಮವನ್ನು ಸರದಿಯ ಹೂಬಿಡುವಿಕೆ ಎಂದು ಕರೆಯಬಹುದು. ಎಲ್ಲ ಬೀದಿಗಳಲ್ಲಿಯೂ ಒಂದೇ ಜಾತಿಯ ಮರವಿದ್ದರೆ ಊರು ವರ್ಷಕ್ಕೊಂದು ತಿಂಗಳು ಹೂವಾಗಿ ಹನ್ನೊಂದು ತಿಂಗಳು ಬರಿದಾಗಿರುತ್ತದೆ. ಅದರ ಬದಲಾಗಿ, ಒಂದು ಬೀದಿಯ ಹೂ ಉದುರುವಾಗ ಇನ್ನೊಂದು ಬೀದಿಯ ಮೊಗ್ಗು ಬಿರಿಯುವಂತೆ ಮರಗಳನ್ನು ಆರಿಸಿ ಸಾಲುಗಟ್ಟಿಸಬೇಕು. ಚಳಿಗಾಲದ ಕೊನೆಗೆ ಗುಲಾಬಿ ಬಣ್ಣದ ಟಬೂಬಿಯಾ, ಅದರ ಹಿಂದೆ ನೀಲಿಯ ಜಕರಾಂಡ, ಬೇಸಗೆಯಲ್ಲಿ ಕೆಂಪು ಗುಲ್‌ಮೊಹರ್ ಮತ್ತು ನಸುಗೆಂಪು ಕ್ಯಾಸಿಯಾ, ಮಳೆಗಾಲವು ಕಳೆದ ಮೇಲೆ ಬಿಳಿಯ ಆಕಾಶಮಲ್ಲಿಗೆ, ಹೀಗೆ ವರ್ಷವೆಲ್ಲ ಹೂವಿನ ಸರದಿ ಸಾಗುತ್ತದೆ. ಈ ಮರಗಳಲ್ಲಿ ಹಲವು ನಮ್ಮ ದೇಶದವಲ್ಲ. ಗುಲ್‌ಮೊಹರ್ ಮಡಗಾಸ್ಕರ್ ದ್ವೀಪದ್ದು. ಜಕರಾಂಡ, ಟಬೂಬಿಯಾಗಳು ಅಮೆರಿಕಾ ಖಂಡದವು. ಇವೆಲ್ಲವನ್ನೂ ಕೃಂಬಿಗಲ್ಲರೊಬ್ಬರೇ ತಂದರೆಂದು ತಿಳಿಯಬಾರದು. ಕೆಲವು ಅವರಿಗಿಂತ ಮುಂಚೆಯೇ ಬಂದಿದ್ದುವು. ಯಾವುದು ಎಲ್ಲಿರಬೇಕು, ಯಾವಾಗ ಅರಳಬೇಕು ಎಂಬ ವಿವೇಚನೆಯು ಅವರದು.

ಅವರು ಹೂವಿನ ಚೆಲುವಿಗೆ ಮಾತ್ರ ಮನಸೋತವರಲ್ಲ. ಪರದೇಶದ ಸಂಸ್ಥೆಗಳೊಡನೆ ಬೀಜಗಳ ವಿನಿಮಯವನ್ನು ನಡೆಯಿಸಿ, ದನಗಳ ಮೇವಿಗೆ ಒದಗುವ ರೋಡ್ಸ್ ಹುಲ್ಲನ್ನೂ ಮುಸುಕಿನ ಜೋಳದ ಹೊಸ ತಳಿಗಳನ್ನೂ ತರಿಸಿದರು. ನಮ್ಮ ಮಾವಿನ ತಳಿಗಳನ್ನು ಅಮೆರಿಕಾಕ್ಕೆ ಕಳುಹಿಸಿಕೊಟ್ಟರು. ಅವರ ಕಾಲದಲ್ಲಿಯೇ, 1912ರಲ್ಲಿ, ಮೈಸೂರು ತೋಟಗಾರಿಕಾ ಸಂಘವು ಹುಟ್ಟಿತು. ತೋಟಗಾರಿಕೆಯು ಅರಮನೆಯ ವಿನೋದವಾಗಿ ಉಳಿಯದೆ ಸಾಮಾನ್ಯ ಗೃಹಸ್ಥನ ಹಿತ್ತಿಲಿಗೂ ಬರಲು ಇಂಥ ಸಂಘಗಳು ನೆರವಾದುವು.

ಆದರೆ ಹೊರಗಿನ ಸಸ್ಯಗಳನ್ನು ತರುವ ಕೆಲಸದಲ್ಲಿ ಒಂದು ಅಪಾಯವೂ ಅಡಗಿದೆ. ಅಂದಕ್ಕಾಗಿ ತಂದುದೇ ಕಳೆಯಾಗಿ ನಾಡನ್ನು ಆವರಿಸಬಹುದು. ಬಣ್ಣದ ಹೂಗೊಂಚಲುಗಳ ಲಂಟಾನ ಗಿಡವು 19ನೆಯ ಶತಮಾನದ ಆರಂಭದಲ್ಲಿ ತೋಟದ ಅಲಂಕಾರಕ್ಕೆಂದೇ ಭಾರತಕ್ಕೆ ಬಂದಿತು. ಹಕ್ಕಿಗಳು ಅದರ ಹಣ್ಣನ್ನು ತಿಂದು ಬೀಜವನ್ನು ಎಲ್ಲೆಡೆ ಹರಡಿದುವು. ಕಾಡುಗಳಲ್ಲಿ ಹುಲ್ಲಿಗೂ ಎಡೆಯಿಲ್ಲದಂತೆ ಅದು ಬೆಳೆಯಿತು. ಕೃಂಬಿಗಲ್ಲರು ಲಾಲ್‌ಬಾಗಿನಲ್ಲಿದ್ದ ದಿನಗಳಲ್ಲಿಯೇ, 1921ರಲ್ಲಿ, ಲಂಟಾನದ ಬೀಜವನ್ನು ತಿನ್ನುವ ಒಂದು ಸಣ್ಣ ನೊಣವನ್ನು ಹವಾಯಿ ದ್ವೀಪಗಳಿಂದ ಬೆಂಗಳೂರಿಗೆ ತರಲಾಯಿತು. ಮೈಸೂರು ಸಂಸ್ಥಾನದ ಕೀಟಶಾಸ್ತ್ರಜ್ಞರಾದ ಕುಂಞಿಕಣ್ಣನ್ ಅವರು ಅದನ್ನು ಅಭ್ಯಾಸ ಮಾಡಿದರು. ವಿಷ ಹಾಕದೆ, ಬೆಂಕಿ ಇಡದೆ, ಪ್ರಕೃತಿಯಿಂದಲೇ ಕಳೆಯನ್ನು ಹತ್ತಿಕ್ಕುವ ಪ್ರಯತ್ನವದು. ನೊಣವು ನೆಲೆಗೊಂಡಿತು, ಆದರೆ ಲಂಟಾನವು ಸೋಲಲಿಲ್ಲ. ಬಂಡೀಪುರದ ಕಾಡಿನಲ್ಲಿಯೂ ನಮ್ಮ ಬೊರಿವಲಿಯ ರಾಷ್ಟ್ರೀಯ ಉದ್ಯಾನದಲ್ಲಿಯೂ ಅದು ಇಂದಿಗೂ ಇದೆ. ಮರಾಠಿಗರು ಅದನ್ನು ಘಾಣೇರಿ ಎನ್ನುತ್ತಾರೆ. ಇದಕ್ಕೆ ವ್ಯತಿರಿಕ್ತವಾಗಿ, 1926ರಲ್ಲಿ ದಕ್ಷಿಣ ಭಾರತಕ್ಕೆ ತಂದ ಒಂದು ಕೀಟವು ಹೊಲಗದ್ದೆಗಳನ್ನು ನುಂಗುತ್ತಿದ್ದ ಪಾಪಾಸುಕಳ್ಳಿಯನ್ನು ಬಹುಮಟ್ಟಿಗೆ ಅಡಗಿಸಿತು. ಕಳೆಯು ಒಮ್ಮೆ ಹರಡಿದ ಮೇಲೆ ಗೆಲ್ಲುವುದು ನಮ್ಮ ಕೈಯಲ್ಲಿಲ್ಲ. ಹರಡುವ ಮುನ್ನ ತಡೆಯುವುದು ಮಾತ್ರ ನಮ್ಮ ಕೈಯಲ್ಲಿದೆ. ಗಿಡವನ್ನು ತರುವವನಿಗೆ ಅದರ ಗುಣದ ಅರಿವೂ ಇರಬೇಕೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಕೃಷ್ಣರಾಜಸಾಗರ ಅಣೆಕಟ್ಟಿನ ಕೆಳಗಿನ ಬೃಂದಾವನವನ್ನು ನೋಡದ ಕನ್ನಡಿಗರು ವಿರಳ. 1927ರಲ್ಲಿ ಆರಂಭವಾಗಿ 1932ರಲ್ಲಿ ಪೂರ್ಣಗೊಂಡ ಆ ಉದ್ಯಾನವನ್ನು ದಿವಾನ ಸರ್ ಮಿರ್ಜಾ ಇಸ್ಮಾಯಿಲರ ಆಸಕ್ತಿಯಿಂದ ರೂಪಿಸುವುದರಲ್ಲಿ ಕೃಂಬಿಗಲ್ಲರ ಕೈವಾಡವಿತ್ತು. ಹಂತಹಂತವಾಗಿ ಇಳಿಯುವ ನೆಲ, ನಡುವೆ ಹರಿಯುವ ನೀರು, ಎರಡು ಕಡೆಯೂ ಸಮನಾದ ಪಾತಿಗಳು ಇವು ಕಾಶ್ಮೀರದ ಮೊಗಲ್ ತೋಟಗಳನ್ನು ನೆನಪಿಗೆ ತರುತ್ತವೆ. 1932ರಲ್ಲಿಯೇ ಅವರು ನಿವೃತ್ತರಾದರು. ಅವರ ಸ್ಥಾನಕ್ಕೆ ನಮ್ಮವರೇ ಆದ ಎಚ್. ಸಿ. ಜವರಾಯರು ಬಂದರು, ಮುಂದೆ ಎಂ. ಎಚ್. ಮರಿಗೌಡರು ಆ ಪರಂಪರೆಯನ್ನು ನಾಡಿನ ತುಂಬ ಹಬ್ಬಿಸಿದರು. ಹಿಂದೆ ಬರುವವರು ಮುಂದುವರಿಸಬಲ್ಲಂಥ ಕೆಲಸವನ್ನು ಬಿಟ್ಟುಹೋಗುವುದೂ ದೊಡ್ಡತನವೇ ಸರಿ.

ನಿವೃತ್ತಿಯ ಬಳಿಕ ಕೃಂಬಿಗಲ್ಲರು ಸ್ವದೇಶಕ್ಕೆ ಮರಳಲಿಲ್ಲ. ಆದರೆ ಅವರು ತಮ್ಮದೆಂದು ತಿಳಿದ ದೇಶದ ಆಡಳಿತವು ಅವರನ್ನು ಒಮ್ಮೆ ಪರಕೀಯರೆಂದು ಎಣಿಸಿತು. ಎರಡನೆಯ ಮಹಾಯುದ್ಧವು ಮೊದಲಾದಾಗ, ಜರ್ಮನ್ ಮೂಲದವರೆಂಬ ಕಾರಣಕ್ಕೆ, ಎಪ್ಪತ್ತು ದಾಟಿದ ಈ ವೃದ್ಧರನ್ನು ಬ್ರಿಟಿಷ್ ಸರಕಾರವು ಇತರ ಜರ್ಮನರೊಂದಿಗೆ ಬಂಧನ ಶಿಬಿರದಲ್ಲಿ ಇರಿಸಿತು. ಅವರು ನೆಟ್ಟ ಮರಗಳ ನೆರಳಿನಲ್ಲಿ ಊರಿನ ಜನ ಎಂದಿನಂತೆ ನಡೆದಾಡುತ್ತಿದ್ದ ಕಾಲದಲ್ಲಿ ಅವರು ಕಾವಲಿನಲ್ಲಿದ್ದರು. ಹುಟ್ಟಿನ ಗುರುತು ಎಷ್ಟು ವರ್ಷದ ದುಡಿಮೆಯನ್ನಾದರೂ ಮರೆಸಬಲ್ಲುದೆಂಬುದು ವ್ಯಸನದ ಸಂಗತಿ. ಆದರೂ ಬಿಡುಗಡೆಯಾದ ಮೇಲೆ ಅವರು ಈ ನಾಡನ್ನು ತೊರೆಯಲಿಲ್ಲ. 1956ರ ಫೆಬ್ರವರಿ 8ರಂದು, 90 ವರ್ಷಗಳ ತುಂಬು ಬಾಳನ್ನು ಮುಗಿಸಿ, ಬೆಂಗಳೂರಿನಲ್ಲಿಯೇ ನಿಧನರಾದರು. ಹೊಸೂರು ರಸ್ತೆಯ ಕ್ರೈಸ್ತ ಸ್ಮಶಾನದಲ್ಲಿ ಅವರ ಸಮಾಧಿಯಿದೆ. ಲಾಲ್‌ಬಾಗಿನ ಸಮೀಪದ ಒಂದು ರಸ್ತೆಗೆ ಅವರ ಹೆಸರಿದೆ. ಲಾಲ್‌ಬಾಗಿನಲ್ಲಿ ಅವರ ಹೆಸರನ್ನು ಹೊತ್ತಿದ್ದ ಹಳೆಯ ಸಭಾಂಗಣವು ದುರಸ್ತಿಯಿಲ್ಲದೆ ಶಿಥಿಲವಾಗಿ 2017ರಲ್ಲಿ ಕುಸಿದು ಬಿದ್ದಿತು. ಮರಗಳಾದರೋ ವರ್ಷ ವರ್ಷವೂ ತಪ್ಪದೆ ಹೂ ಬಿಡುತ್ತಿವೆ.

ಈ ಜೀವನದಿಂದ ಮುಂಬಯಿಯ ನಾವು ಕಲಿಯಬೇಕಾದುದೇನು? ನಮ್ಮ ಮನೆಗಳಿಗೆ ಹಿತ್ತಿಲುಗಳಿಲ್ಲ. ಚಾಳಿನ ಗ್ಯಾಲರಿ, ಕಿಟಕಿಯ ಸರಳುಗಳ ನಡುವಿನ ತುಳಸಿಯ ಕುಂಡ, ಹೆಚ್ಚೆಂದರೆ ಕಟ್ಟಡದ ಗೋಡೆಗೂ ಕಂಪೌಂಡಿಗೂ ನಡುವೆ ನಾಲ್ಕು ಅಡಿ ನೆಲ. ಆದರೆ ಸ್ಥಳದ ಅಳತೆ ಬದಲಾದರೂ ವಿವೇಚನೆಯ ನಿಯಮ ಬದಲಾಗದು. ಎತ್ತರದ ಗಿಡವನ್ನು ಹಿಂದೆಯೂ ಗಿಡ್ಡದ್ದನ್ನು ಮುಂದೆಯೂ ಇಡಬೇಕು. ಪಶ್ಚಿಮದ ಬಿಸಿಲು ಬೀಳುವ ಕಡೆ ನೆರಳು ಕೊಡುವ ಬಳ್ಳಿಯನ್ನು ಹಬ್ಬಿಸಬೇಕು. ಅಶ್ವತ್ಥ, ಆಲಗಳ ಸಸಿ ಗೋಡೆಯ ಬಿರುಕಿನಲ್ಲಿ ಮೊಳೆತರೆ ಎಳೆಯದಾಗಿರುವಾಗಲೇ ಬೇರುಸಹಿತ ತೆಗೆದು ತೆರೆದ ನೆಲಕ್ಕೆ ಕೊಂಡೊಯ್ಯಬೇಕು. ಒಂದೇ ಜಾತಿಯನ್ನು ನಂಬಬಾರದು. 2010ರ ದಶಕದಲ್ಲಿ ಈ ನಗರದ ಎಷ್ಟೋ ಮಳೆಮರಗಳು ಹಿಟ್ಟುತಿಗಣೆಯ ಬಾಧೆಗೆ ಒಣಗಿದುದನ್ನು ನಾವು ಕಂಡಿದ್ದೇವೆ.

ಕಳೆಯ ವಿಷಯದಲ್ಲಿಯೂ ಇದೇ ಮಾತು. ಜೂನ್ ತಿಂಗಳ ಮೊದಲ ಮಳೆಗೆ ಮೊಳೆತ ಕಳೆಯನ್ನು ಹೂ ಬಿಡುವ ಮುನ್ನ, ಮಣ್ಣು ಹಸಿಯಿರುವಾಗ ಕಿತ್ತರೆ ವಿಷದ ಔಷಧಿಯ ಅಗತ್ಯವೇ ಇರುವುದಿಲ್ಲ. ಬರಿಯ ನೆಲವನ್ನು ತರಗೆಲೆಯಿಂದ ನಾಲ್ಕು ಬೆರಳು ದಪ್ಪ ಮುಚ್ಚಿದರೆ ಬೆಳಕಿಲ್ಲದೆ ಹೆಚ್ಚಿನ ಕಳೆಬೀಜಗಳು ಮೊಳೆಯಲಾರವು. ಮಣ್ಣಿನ ತೇವವೂ ಉಳಿಯುತ್ತದೆ, ಎಲೆ ಕೊಳೆತು ಗೊಬ್ಬರವೂ ಆಗುತ್ತದೆ. ಕೊನ್ನಾರಿಯನ್ನು ಮಾತ್ರ ಗೆಡ್ಡೆಸಹಿತ ಅಗೆದು ತೆಗೆಯಬೇಕು. ಎಲೆಯನ್ನು ಹರಿದರೆ ಅದು ಮತ್ತೆ ಚಿಗುರುತ್ತದೆ. ಕೀಳುವ ಮೊದಲು ಗಿಡವನ್ನು ಗುರುತಿಸುವುದೂ ಅವಶ್ಯ. ಮಳೆಗಾಲದಲ್ಲಿ ರೈಲು ಹಳಿಗಳ ಬದಿಯಲ್ಲಿ ಬೆಳೆಯುವ ಚಗಟೆಯನ್ನು ದಾರಿಹೋಕರು ಕಳೆಯೆನ್ನುತ್ತಾರೆ. ನಮ್ಮ ತುಳುನಾಡಿನ ಮನೆಗಳಲ್ಲಿ ಅದೇ ಆಟಿ ತಿಂಗಳ ತಜಂಕ್. ಮರಾಠಿ ಮನೆಗಳಲ್ಲಿ ಟಾಕಳಾ ಎಂಬ ಪಲ್ಯ. ಪೊವಾಯಿ ಕೆರೆಯನ್ನು ಮುಸುಕುವ ಜಲಕುಂಭಿಯಾದರೋ ಹೂವಿನ ಅಂದಕ್ಕೆ ಮರುಳಾಗಿ ಮನುಷ್ಯನೇ ತಂದುಕೊಂಡ ಉಪದ್ರವ. ಸಸ್ಯವು ಎಲ್ಲಿಂದ ಬಂದಿತೆಂಬುದೊಂದೇ ಅದನ್ನು ಕಳೆಯನ್ನಾಗಿ ಮಾಡುವುದಿಲ್ಲ. ಬಂದ ಮೇಲೆ ಅದು ನೆರೆಯವರಿಗೆ ಎಡೆ ಕೊಡುವುದೋ ಇಲ್ಲವೋ ಎಂಬುದನ್ನು ನೋಡಬೇಕು. ಮನುಷ್ಯರಿಗೂ ಈ ಮಾತು ಸಲ್ಲುತ್ತದೆ. ಬಂದು ನೆಲೆಸಿದ ಊರಿಗೆ ನೆರಳು ಕೊಟ್ಟವನು ಅಲ್ಲಿ ಪರಕೀಯನಲ್ಲ.

ಮುಂಬಯಿಯಲ್ಲಿಯೂ ಹೂವಿನ ಸರದಿಯೊಂದು ನಡೆಯುತ್ತಲೇ ಇದೆ. ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ವಿಕ್ರೋಲಿಯ ಬಳಿ ಪೂರ್ವ ಹೆದ್ದಾರಿಯ ಬದಿಯ ಟಬೂಬಿಯಾ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಕಕ್ಕೆಯ ಹಳದಿ, ಗುಲ್‌ಮೊಹರಿನ ಕೆಂಪು, ಮಹಾರಾಷ್ಟ್ರದ ರಾಜ್ಯಪುಷ್ಪವಾದ ಹೊಳೆದಾಸವಾಳದ ನೇರಳೆ ಕಾಣುತ್ತವೆ. ಮಳೆಯಲ್ಲಿ ಕದಂಬ, ದೀಪಾವಳಿಯ ಆಸುಪಾಸಿನಲ್ಲಿ ಹಾಲೆಮರದ ಗಾಢವಾದ ಪರಿಮಳ. 1862ರಲ್ಲಿ ತೆರೆದ ಬೈಕಲಾದ ರಾಣಿಬಾಗಿನಲ್ಲಿ ಹಳೆಯ ಮರಗಳೆಷ್ಟೋ ಇವೆ. ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಮನೆಯಿಂದ ಶಾಲೆಗೆ ಬರುವ ದಾರಿಯ ಮರಗಳನ್ನು ಗುರುತಿಸಿ, ಯಾವುದು ಯಾವ ತಿಂಗಳಲ್ಲಿ ಅರಳಿತೆಂದು ಒಂದು ನೋಟುಪುಸ್ತಕದಲ್ಲಿ ಬರೆದಿಡಲಿ. ಹೆಸರನ್ನು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಬರೆಯಲಿ. ಯಾವ ತಿಂಗಳ ಪುಟವು ಖಾಲಿಯಾಗಿ ಉಳಿಯುವುದೋ ಆ ತಿಂಗಳಿನಲ್ಲಿ ಅರಳುವ ಒಂದು ಗಿಡವನ್ನು ಮುಂದಿನ ಮಳೆಗಾಲಕ್ಕೆ ನಾವೆಲ್ಲರೂ ಸೇರಿ ನೆಡೋಣ.