ಅನಂತವನ್ನು ಅಳೆಯಲು ಹೊರಟ ಕ್ಯಾಂಟರ್

ನಮ್ಮ ಬೇಸಿಕ್ ಮ್ಯಾಥ್ಸ್‌ನಲ್ಲಿ ಗಣಗಳ ಪಾಠ ಇದೆಯಲ್ಲ, ಆ ಗಣಸಿದ್ಧಾಂತವನ್ನು ಕಟ್ಟಿದವರು ಜಾರ್ಜ್ ಕ್ಯಾಂಟರ್. ಅವರು ಹುಟ್ಟಿದ್ದು 1845ರಲ್ಲಿ, ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ತಂದೆ ವ್ಯಾಪಾರಿ, ಷೇರುಪೇಟೆಯ ದಲ್ಲಾಳಿ (ನಾವು ಕಾಮರ್ಸ್‌ನವರು ಖುಷಿಪಡಬಹುದು!). ಮಗ ಇಂಜಿನಿಯರ್ ಆಗಲಿ ಎಂದು ಅವರ ಆಸೆ. ಆ ಕಾಲದಲ್ಲೂ ಅದೇ ಆಸೆ ನೋಡಿ! ಕೊನೆಗೆ ಗಣಿತ ಓದಲು ಅವರೇ ಒಪ್ಪಿದರು. ಬರ್ಲಿನ್‌ನಲ್ಲಿ ಓದಿದ ಕ್ಯಾಂಟರ್ 1869ರಲ್ಲಿ ಜರ್ಮನಿಯ ಹಾಲೆ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಲು ಸೇರಿದರು.

ಅನಂತ ಎಂದರೆ ಮುಗಿಯದೆ ಹೋಗುವುದು, ಅಷ್ಟೇ ಎಂದು ಆಗಿನ ಹೆಚ್ಚಿನ ಗಣಿತಜ್ಞರು ತಿಳಿದಿದ್ದರು. ಕ್ಯಾಂಟರ್ ಅದನ್ನು ಅಳೆಯಲು ಹೊರಟರು. ಉಪಾಯ ಸರಳ: ಎಣಿಸುವುದು ಬೇಡ, ಜೋಡಿ ಮಾಡಿದರೆ ಸಾಕು. ಒಂದೊಂದು ವೋಚರಿಗೂ ಒಂದೊಂದು ಎಂಟ್ರಿ ಇದ್ದರೆ ಎರಡೂ ಸಮ ಎಂದು ಎಣಿಸದೆಯೇ ಗೊತ್ತಾಗುತ್ತದೆ. ಹಾಗೆಯೇ 1ಕ್ಕೆ 2, 2ಕ್ಕೆ 4, 3ಕ್ಕೆ 6 ಎಂದು ಜೋಡಿಸುತ್ತಾ ಹೋದರೆ ಸಮಸಂಖ್ಯೆಗಳೂ ಎಲ್ಲ ಸಂಖ್ಯೆಗಳಷ್ಟೇ ಇವೆ!

ಆದರೆ 0 ಮತ್ತು 1ರ ನಡುವಿನ ದಶಮಾಂಶ ಸಂಖ್ಯೆಗಳನ್ನು ಹೀಗೆ ಜೋಡಿಸಲಾಗದು. ಯಾರೋ ಅವುಗಳ ಪೂರ್ತಿ ಪಟ್ಟಿ ತಂದರು ಎನ್ನಿ. ಮೊದಲನೆಯದರ ಮೊದಲ ಅಂಕಿ, ಎರಡನೆಯದರ ಎರಡನೇ ಅಂಕಿ, ಹೀಗೆ ನೋಡುತ್ತಾ ಹೋಗಿ. 5 ಇದ್ದರೆ 6, ಬೇರೆ ಏನಿದ್ದರೂ 5 ಬರೆಯಿರಿ. ಹೀಗೆ ಸಿಗುವ ಸಂಖ್ಯೆ ಪಟ್ಟಿಯ ಪ್ರತಿಯೊಂದಕ್ಕಿಂತಲೂ ಒಂದು ಸ್ಥಾನದಲ್ಲಾದರೂ ಬೇರೆ. ಅಂದರೆ ಅದು ಪಟ್ಟಿಯಲ್ಲೇ ಇಲ್ಲ! ಈ ಅನಂತ ಆ ಅನಂತಕ್ಕಿಂತ ದೊಡ್ಡದು. ಇದನ್ನು ಅವರು ಮೊದಲು ಸಾಧಿಸಿದ್ದು 1874ರಲ್ಲಿ. ಈ ಸುಲಭದ ದಾರಿ 1891ರದ್ದು. ರಫ್ ಪುಸ್ತಕದಲ್ಲಿ ನಾನೂ ಮಾಡಿ ನೋಡಿದೆ, ತಪ್ಪಿಸಿಕೊಳ್ಳಲು ಸಂದಿಯೇ ಇಲ್ಲ.

ಈ ಅನಂತಗಳಿಗೆ ಅವರು ಇಟ್ಟ ಗುರುತು ಹೀಬ್ರೂ ಭಾಷೆಯ ಮೊದಲ ಅಕ್ಷರ ಅಲೆಫ್. ನಮ್ಮ ಉರ್ದುವಿನ ಅಲಿಫ್‌ಗೆ ಅದು ನೆಂಟ. ಅಮ್ಮಿಗೆ ಹೇಳಿದಾಗ ಅವರಿಗೂ ಖುಷಿಯಾಯಿತು.

ಆದರೆ ಬರ್ಲಿನ್‌ನಲ್ಲಿ ಕ್ಯಾಂಟರ್‌ಗೆ ಪಾಠ ಹೇಳಿದ ಕ್ರೋನೆಕರ್ ಅವರೇ ಈ ಗಣಿತವನ್ನು ಬಲವಾಗಿ ವಿರೋಧಿಸಿದರು. ಬರ್ಲಿನ್‌ನಲ್ಲಿ ಪ್ರಾಧ್ಯಾಪಕರಾಗುವ ಕ್ಯಾಂಟರ್ ಆಸೆ ಕೈಗೂಡಲೇ ಇಲ್ಲ. ಅನಂತ ದೇವರಿಗೆ ಮಾತ್ರ ಸಲ್ಲುವುದಲ್ಲವೇ ಎಂಬ ಪ್ರಶ್ನೆಯೂ ಎದುರಾಯಿತು. ಕ್ಯಾಂಟರ್ ದೈವಭಕ್ತರು. ದೇವರ ಅನಂತ ಯಾವ ಗಣಿತಕ್ಕೂ ಸಿಗದು, ತಾನು ಅಳೆಯುತ್ತಿರುವುದು ಅದರ ಕೆಳಗಿನದನ್ನು ಎಂದು ಧರ್ಮಪಂಡಿತರಿಗೆ ಪತ್ರ ಬರೆದು ವಿವರಿಸಿದರು. 1884ರಲ್ಲಿ ಅವರಿಗೆ ಮೊದಲ ಸಲ ತೀವ್ರ ಖಿನ್ನತೆ ಬಂತು. ಇದಕ್ಕೆಲ್ಲ ಕ್ರೋನೆಕರ್ ಕಾರಣ ಎನ್ನುವವರಿದ್ದಾರೆ. ನನಗೆ ಅದು ನ್ಯಾಯ ಅನಿಸುವುದಿಲ್ಲ, ಕಾಯಿಲೆ ಕಾಯಿಲೆಯೇ. 1899ರಲ್ಲಿ ಕಿರಿಯ ಮಗ ರುಡಾಲ್ಫ್ ತೀರಿಕೊಂಡ. ಆಮೇಲೆ ಆಸ್ಪತ್ರೆಯ ವಾಸ ಹೆಚ್ಚಾಯಿತು.

ಆ ಎರಡು ಅನಂತಗಳ ನಡುವೆ ಇನ್ನೊಂದು ಇದೆಯೇ? ಇಲ್ಲ ಎಂದು ಕ್ಯಾಂಟರ್ ನಂಬಿದ್ದರು, ಎಷ್ಟು ಹೆಣಗಿದರೂ ಸಾಧಿಸಲಾಗಲಿಲ್ಲ. ಮಹಾಯುದ್ಧದಿಂದ ಊಟಕ್ಕೂ ಕೊರತೆಯಾಗಿದ್ದ ಕಾಲದಲ್ಲಿ, 1918ರ ಜನವರಿ 6ರಂದು, ಹಾಲೆಯ ಮಾನಸಿಕ ಚಿಕಿತ್ಸಾಲಯದಲ್ಲಿ ತೀರಿಕೊಂಡರು. ಮುಂದೆ 1940ರಲ್ಲಿ ಗೋಡೆಲ್, 1963ರಲ್ಲಿ ಕೋಹೆನ್ ಮಾಡಿದ ಕೆಲಸದಿಂದ ತಿಳಿದದ್ದು ಇಷ್ಟು: ಗಣಸಿದ್ಧಾಂತದ ರೂಢಿಯ ನಿಯಮಗಳನ್ನು ಹಿಡಿದು ಹೊರಟರೆ ಆ ಪ್ರಶ್ನೆಗೆ ಹೌದು ಎಂದೂ ಸಾಧಿಸಲಾಗದು, ಇಲ್ಲ ಎಂದೂ ಸಾಧಿಸಲಾಗದು.